ಅತ್ತೆಯ ಬಟ್ಟಲು ಮತ್ತು ಮೆರ್ಲೋ

ಮೆರ್ಲೋ ಬಾಟಲಿ ನಮ್ಮ ರಾಯದುರ್ಗದ ಮನೆಗೆ ಬಂದದ್ದು ಮಗಳ ಹಳೆಯ ದುಪಟ್ಟಾದಲ್ಲಿ ಸುತ್ತಿಕೊಂಡು, ಬಟ್ಟೆಗಳ ನಡುವೆ ಮಲಗಿ. ಅವಳು ಚೀಲವನ್ನು ನಡುಮನೆಯಲ್ಲಿ ಇಳಿಸಿದ ರೀತಿಯಲ್ಲೇ ಒಳಗೆ ಗಾಜಿನದ್ದೇನೋ ಇದೆ ಎಂದು ನನಗೆ ತಿಳಿಯಿತು. ಅತ್ತೆಗೂ ತಿಳಿಯಿತು. ಅವರಿಗೆ ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕಿದೆ; ಆದರೂ ಮನೆಯೊಳಗೆ ಬರುವ ವಸ್ತು ಅವರ ಕಣ್ಣು ತಪ್ಪಿಸುವುದಿಲ್ಲ.

"ಅದೇನವ್ವಾ, ಕೂಸಿನಂಗ ಸುತ್ತಿ ತಂದೀದಿ?"

ಮಗಳು ಅಜ್ಜಿಗೆ ಸುಳ್ಳು ಹೇಳುವವಳಲ್ಲ. "ವೈನು ಅಜ್ಜಿ. ದ್ರಾಕ್ಷಿದು. ನನ್ನ ಕೆಲಸಕ್ಕ ಬೇಕಾಗಿತ್ತು."

"ಹೆಂಡ ಅನ್ನು."

"ಹೆಂಡ ಬ್ಯಾರೆ, ವೈನ್ ಬ್ಯಾರೆ ಅಜ್ಜಿ."

"ಈಚಲ ಕೊಳಿಸಿದ್ರೇನು, ದ್ರಾಕ್ಷಿ ಕೊಳಿಸಿದ್ರೇನು? ಅಡಿಗಿಮನಿ ಹೊಸಲು ದಾಟಬಾರದು ನೋಡು. ದೇವರ ಕೋಣಿ ಕಡಿ ಮುಖಾನೂ ಮಾಡಬಾರದು. ಹಿತ್ತಲದಾಗ ನೀರಿನ ಕಟ್ಟಿ ಮ್ಯಾಲ ಇಟ್ಕಾ."

ಅಷ್ಟಕ್ಕೇ ಬಿಟ್ಟರು. ಬೀದಿಗೆ ಎಸೆ ಎನ್ನಲಿಲ್ಲ. ಅದೇ ದೊಡ್ಡದು ಎಂದು ನಾನೂ ಮಗಳೂ ಮುಖ ನೋಡಿಕೊಂಡೆವು.

ಮಗಳು ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟ್. ಹಿಂದೂಪುರ ದಾಟಿ ನಂದಿಬೆಟ್ಟದ ಕಡೆ ಒಂದು ದ್ರಾಕ್ಷಿ ತೋಟವಿದೆ. ಅಲ್ಲೇ ವೈನ್ ಮಾಡುತ್ತಾರೆ, ನೋಡಲು ಬಂದವರಿಗೆ ಊಟ ಹಾಕುತ್ತಾರೆ. ಆ ಊಟದ ಮನೆಯ ಅಡುಗೆಕೋಣೆಗೆ ಅವಳು ಸೇರಿದ್ದಳು, ಇನ್ನೂ ಖಾಯಂ ಆಗಿರಲಿಲ್ಲ. ಬರುವ ಭಾನುವಾರದ ಮಧ್ಯಾಹ್ನಕ್ಕೆ ಒಂದು ಸಸ್ಯಾಹಾರದ ತಟ್ಟೆ ಮಾಡು, ನಿಮ್ಮ ಊರಿನದ್ದೇ ಆಗಿರಲಿ, ನಮ್ಮ ಮೆರ್ಲೋಗೆ ಹೊಂದಬೇಕು ಎಂದು ದೊಡ್ಡ ಬಾಣಸಿಗರು ಹೇಳಿದ್ದರು. ತಟ್ಟೆ ಒಪ್ಪಿಗೆಯಾದರೆ ಅಡುಗೆಕೋಣೆಯಲ್ಲಿ ಕೆಲಸ ಗಟ್ಟಿ. ಆಗದಿದ್ದರೆ ಮುಂಬಾಗಿಲಲ್ಲಿ ಸೀರೆ ಉಟ್ಟು ನಿಂತು ಬಂದವರಿಗೆ ನಮಸ್ಕಾರ ಹೇಳುವ ಕೆಲಸ.

"ಅದಕ್ಕಿಂತ ಮನಿಗೇ ಬಂದುಬಿಡ್ತೀನಮ್ಮಾ," ಅಂದಳು. ತಮಾಷೆಗೆ ಹೇಳಿದ್ದಲ್ಲ. ಚಿಕ್ಕವಳಿದ್ದಾಗಿಂದ ಅವಳಿಗೆ ಒಲೆಯ ಮುಂದೆ ನಿಲ್ಲುವುದೇ ಇಷ್ಟ; ಬೊಂಬೆ ಕೊಟ್ಟರೆ ಬಿಟ್ಟು ಸೌಟು ಹಿಡಿಯುತ್ತಿದ್ದಳು.

ತೊಡಕು ಒಂದೇ. ಅಲ್ಲಿ ಮಿಕ್ಕವರೆಲ್ಲ ಒಂದು ಗುಟುಕು ಬಾಯಿಗೆ ಹಾಕಿ, ಆಡಿಸಿ, ಉಗುಳಿ, ಯಾವ ಊಟಕ್ಕೆ ಯಾವುದು ಸರಿ ಎಂದು ಗೊತ್ತುಮಾಡುತ್ತಾರೆ. ಇವಳು ಕೆಲಸಕ್ಕೆ ಹೊರಡುವ ದಿನ ಅಜ್ಜಿಯ ಕೈ ಹಿಡಿದು, ಬಡಿಸುತ್ತೇನೆ, ಆದರೆ ನನ್ನ ನಾಲಗೆಗೆ ಮುಟ್ಟಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಆ ಮಾತನ್ನು ಉಳಿಸಿಕೊಂಡಿದ್ದಳು ಕೂಡ. ರುಚಿಯೇ ನೋಡದೆ ಜೋಡಿ ಹೇಗೆ ಹಾಕುತ್ತೀ ಎಂದು ಬಾಣಸಿಗರು ಕೇಳಿದ್ದರಂತೆ. ಅದನ್ನು ಹೇಳುವಾಗ ಅವಳು ದುಪಟ್ಟಾದ ಅಂಚಿನ ದಾರವನ್ನು ಎಳೆಯುತ್ತ ಕೂತಿದ್ದಳು.

"ನೀನು ಹ್ಯಾಂಗ ಮಾಡ್ತೀಯಮ್ಮಾ? ದಿನಾ ರುಚಿ ನೋಡದನ ಅಡಿಗಿ ಮಾಡ್ತೀ. ಅದನ್ನ ಕಲಿಸು ನಂಗ. ಅದಕ್ಕs ಬಂದೀನಿ."

ನಮ್ಮದು ಲಿಂಗಪೂಜೆಯ ಮನೆ. ಎಡೆ ಆಗುವ ತನಕ ಮಾಡಿದ್ದು ಯಾರ ಬಾಯಿಗೂ ಹೋಗಬಾರದು, ಮಾಡಿದವಳ ಬಾಯಿಗಂತೂ ಮೊದಲೇ ಹೋಗಬಾರದು. ನಾನು ಕಲಿತದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಅಲ್ಲಿ ಅಡುಗೆ ಪಾಠದ ಸಿಸ್ಟರ್ ಪ್ರತಿಯೊಬ್ಬಳಿಗೂ ಒಂದು ಸಣ್ಣ ಚಮಚ ಕೊಟ್ಟು, ರುಚಿ ನೋಡದೆ ಬಡಿಸುವುದು ಅತಿಥಿಗೆ ಮಾಡುವ ಅವಮರ್ಯಾದೆ ಅನ್ನುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಸಾರಿನ ಹನಿಯನ್ನು ಅಂಗೈಗೆ ಬಿಟ್ಟುಕೊಳ್ಳಲು ಹೋದೆ. ಅತ್ತೆ ನನ್ನ ಕೈಯನ್ನು ಮೆಲ್ಲಗೆ ಮಗುಚಿ, "ಮೂಗು ಎದಕ್ಕ ಕೊಟ್ಟಾನ ಶಿವ?" ಅಂದರು. ಅಂದಿನಿಂದ ಮೂಗಿನ ಪಾಠ. ಉಪ್ಪು ಬೀಳದ ಬೇಳೆ ಕುದಿಯುವಾಗ ಹಸಿ ಗೋಣಿಚೀಲದ ವಾಸನೆ ಇರುತ್ತದೆ. ಉಪ್ಪು ಹಿಡಿಯುತ್ತಿದ್ದಂತೆ ಅದು ಅಡಗಿ ಬೇಳೆಯದೇ ವಾಸನೆ ಎದ್ದು ಬರುತ್ತದೆ. ಹುಣಸೆ ಹೆಚ್ಚಾದರೆ ಆವಿ ಮೂಗಿನ ತುದಿಗೆ ಚುಚ್ಚುತ್ತದೆ. ಇಷ್ಟು ವರ್ಷದಲ್ಲಿ ನಾನು ತಪ್ಪಿದ್ದು ಕಡಿಮೆ. ತಪ್ಪಿದ್ದು ನನಗೆ ನೆನಪಿಲ್ಲದಿದ್ದರೂ ನೆನಪಿಸಲು ಮನೆಯವರು ಇದ್ದಾರೆ.

ಬಾಟಲಿಯನ್ನು ಹಿತ್ತಲ ಕಟ್ಟೆಯ ಮೇಲೆ, ಕುಡಿಯುವ ನೀರಿನ ಮಡಕೆಯ ಮಗ್ಗುಲಿಗೆ ಇಟ್ಟೆವು. ಬೇಸಿಗೆ ಶುರುವಾಗಿತ್ತು, ಕಟ್ಟೆಯ ಕಲ್ಲು ಹತ್ತು ಗಂಟೆಗೇ ಅಂಗಾಲು ಸುಡುತ್ತಿತ್ತು. ಮೆರ್ಲೋವನ್ನು ಐಸಿನ ಹಾಗೆ ತಣ್ಣಗೂ ಕೊಡಬಾರದು, ಬಿಸಿಲಿನ ಬಿಸಿಯೂ ತಾಗಬಾರದು ಎಂದು ಮಗಳು ಚಡಪಡಿಸಿದಳು. ಫ್ರಿಜ್ ಇರುವುದು ಅಡುಗೆಮನೆಯಲ್ಲಿ, ಅಲ್ಲಿಗೆ ಪ್ರವೇಶವಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಬಾಟಲಿಯ ಸುತ್ತ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿತ್ತು. ಮಡಕೆಗೆ ಸುತ್ತುವ ಬಟ್ಟೆಯದೇ ಇನ್ನೊಂದು ತುಂಡು. ಯಾರು ಸುತ್ತಿದರು ಎಂದು ಕೇಳಲಿಲ್ಲ. ಅತ್ತೆ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು, ಅವರ ಸೆರಗಿನ ತುದಿ ಒದ್ದೆಯಾಗಿತ್ತು.

ಬಿಸಿಲು ಇಳಿದ ಮೇಲೆ ಮಗಳು ಅದನ್ನು ತೆರೆದಳು. ಬಿರಡೆ ಇರಲಿಲ್ಲ, ತಿರುಗಿಸಿ ತೆಗೆಯುವ ಮುಚ್ಚಳ. ಕೆಮ್ಮಿನ ಔಷಧಿ ಇದ್ದಂಗ ಐತಲ್ಲ ಎಂದು ನಮ್ಮ ಯಜಮಾನರು ಬಗ್ಗಿ ನೋಡಿ, ಅಮ್ಮನ ಕಡೆ ಒಮ್ಮೆ ಕಣ್ಣು ಹಾಯಿಸಿ, ಅಂಗಡಿಗೆ ಹೊರಟುಬಿಟ್ಟರು. ಮಗಳು ತನ್ನೊಂದಿಗೆ ತಂದಿದ್ದ ಕಾಲುಳ್ಳ ಗ್ಲಾಸಿನಲ್ಲಿ ಎರಡು ಬೆರಳಿನಷ್ಟು ಸುರಿದು ಬೆಳಕಿಗೆ ಹಿಡಿದಳು. ನಡುವೆ ಮಾಗಿದ ನೇರಳೆಯ ಬಣ್ಣ, ಅಂಚಿಗೆ ಬರುತ್ತ ದಾಸವಾಳವನ್ನು ನೀರಿನಲ್ಲಿ ಕಿವುಚಿದಂಥ ಕೆಂಪು. ಬಣ್ಣವೆಲ್ಲ ಸಿಪ್ಪೆಯದಂತೆ. ಒಳಗಿನ ರಸ ಬೆಳ್ಳಗೇ ಇರುತ್ತದಂತೆ.

ಆಮೇಲೆ ಅವಳು ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮೆರ್ಲೋ ಎನ್ನುವುದು ದ್ರಾಕ್ಷಿಯ ಜಾತಿ. ಹುಟ್ಟೂರು ಫ್ರಾನ್ಸ್ ದೇಶದ ಬೋರ್ಡೊ ಸೀಮೆ. ಅಲ್ಲಿ ನದಿಯ ಬಲದಂಡೆಯ ಜೇಡಿಮಣ್ಣು ಅದಕ್ಕೆ ಬಹಳ ಒಗ್ಗುತ್ತದೆ. ಕಪ್ಪು ನೀಲಿ ಕಾಯಿ, ತೆಳು ಸಿಪ್ಪೆ, ಬೇರೆ ಕೆಂಪು ಜಾತಿಗಳಿಗಿಂತ ಬೇಗ ಹಣ್ಣಾಗುತ್ತದೆ. ನಮ್ಮಲ್ಲಿ ನಾಸಿಕದ ಕಡೆ, ನಂದಿಬೆಟ್ಟದ ಕಡೆ ಬೆಳೆಯುತ್ತಾರೆ. ಇದರ ಗುಣ ಮೃದು. ಬಾಯಿ ಹಿಡಿಯುವ ಒಗರು ಕಡಿಮೆ. ಅದಕ್ಕೇ ಹೊಸದಾಗಿ ಕುಡಿಯುವವರಿಗೆ ಮೊದಲು ಇದನ್ನೇ ಕೊಡುತ್ತಾರೆ. ಕುರಿಮಾಂಸ, ಹುರಿದ ಕೋಳಿ, ಅಣಬೆ, ಗಟ್ಟಿ ಚೀಸು ಇದರ ಹಳೆಯ ಜೋಡಿಗಳು. ಆ ಸೀಮೆಯಲ್ಲಿ ಕರೀ ಹಕ್ಕಿಯೊಂದಿದೆ, ಅದಕ್ಕೆ ಮೆರ್ಲ್ ಎನ್ನುತ್ತಾರೆ. ಈ ಹಣ್ಣೆಂದರೆ ಅದಕ್ಕೆ ಪ್ರಾಣ, ಹೆಸರು ಆ ಹಕ್ಕಿಯಿಂದಲೇ ಬಂತು ಎನ್ನುತ್ತಾರೆ.

"ಹಕ್ಕಿ ತಿಂದುಳಿದದ್ದು," ಅಂದರು ಅತ್ತೆ ಸೊಪ್ಪಿನಿಂದ ತಲೆ ಎತ್ತದೆ. "ಮೊದಲs ಎಂಜಲು."

ಗ್ಲಾಸು ನನ್ನ ಕೈಗೆ ಬಂತು. ನನಗೆ ವೈನಿನ ವಾಸನೆ ಹೊಸದಲ್ಲ. ಕಾನ್ವೆಂಟಿನಲ್ಲಿ ಚಾಪೆಲ್ಲಿನ ಹಿಂದಿನ ಸಣ್ಣ ಕೋಣೆಯಲ್ಲಿ ಶನಿವಾರ ನಾವು ಕೆಲವು ಹುಡುಗಿಯರು ಹಿತ್ತಾಳೆಯ ಮೋಂಬತ್ತಿ ಕಂಬಗಳನ್ನು ಹುಣಸೆ ಹಚ್ಚಿ ತಿಕ್ಕುತ್ತಿದ್ದೆವು. ಅಲ್ಲೇ ಮರದ ಕಪಾಟಿನಲ್ಲಿ ಪೂಜೆಯ ವೈನ್ ಇರುತ್ತಿತ್ತು. ಸಿಸ್ಟರ್ ಕಪಾಟು ತೆರೆದಾಗಲೆಲ್ಲ ಒಣದ್ರಾಕ್ಷಿಯನ್ನು ನೀರಲ್ಲಿ ನೆನೆಹಾಕಿ ಮರೆತಂಥ ಸಿಹಿ ವಾಸನೆ ಬರುತ್ತಿತ್ತು. ಇದು ಹಾಗಿರಲಿಲ್ಲ. ಮೊದಲು ನೇರಳೆ ಹಣ್ಣು. ಆಮೇಲೆ ಒಣಗಿದ ಪಲಾವಿನ ಎಲೆ. ಕೊನೆಗೆ, ಬೀರುವಿನಲ್ಲಿ ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ ತೆರೆದ ಹಾಗೆ ಒಂದು ಸಣ್ಣ ಎಳೆ. ಹಣ್ಣಿನ ವಾಸನೆ ಇದೆ, ಸಕ್ಕರೆಯ ವಾಸನೆ ಇಲ್ಲ. ಮಗಳ ಪಾಠದಲ್ಲಿ ಪ್ಲಮ್ಮು, ಚೆರ್ರಿ ಎಂದಿತ್ತಂತೆ. ಅವೆರಡನ್ನೂ ನಾನು ಕೇಕಿನ ಮೇಲಲ್ಲದೆ ಬೇರೆಲ್ಲೂ ಕಂಡವಳಲ್ಲ.

"ಎಣ್ಣೆಗಾಯಿ," ಅಂದೆ. ಯೋಚಿಸುವ ಮುಂಚೆಯೇ ಬಂತು ಮಾತು. ಶೇಂಗಾ, ಎಳ್ಳು, ಕೊಬ್ಬರಿ ಹುರಿದು ಅರೆದು, ಬದನೆಕಾಯಿಗೆ ತುಂಬಿ, ಎಣ್ಣೆ ಬಿಡುವ ತನಕ ಸಣ್ಣ ಉರಿಯಲ್ಲಿಟ್ಟರೆ ಏಳುವ ವಾಸನೆಯೂ ಈ ಗ್ಲಾಸಿನ ವಾಸನೆಯೂ ಒಂದೇ ಮನೆಯವು ಅನ್ನಿಸಿತು. ಮರುದಿನ ಕಣೇಕಲ್ಲಿನ ಕಡೆಯಿಂದ ಬಂದ ಎಳೇ ಬದನೆಕಾಯಿ ತರಿಸಿ ಮಾಡಿದೆ. ಎಡೆಯಾದ ಮೇಲೆ ತಟ್ಟೆಯನ್ನು ಹಿತ್ತಲಿಗೆ ಒಯ್ದು, ಮಗಳು ಒಮ್ಮೆ ತಟ್ಟೆ ಮೂಸಿ ಒಮ್ಮೆ ಗ್ಲಾಸು ಮೂಸಿ, ನಾನೂ ಹಾಗೇ ಮಾಡಿ, ಇಬ್ಬರೂ ಸರಿ ಅಂದೆವು.

"ನಾಯಿ ಮೂಸಿದಂಗ ಮೂಸಾಕ ಹತ್ಯಾರಲ್ಲೋ ತಾಯಿ ಮಗಳು," ಎಂದು ಅತ್ತೆ ಒಳಗಿಂದಲೇ ನಕ್ಕರು. ಆಮೇಲೆ ಸ್ವಲ್ಪ ಗಂಭೀರವಾಗಿ, "ನೇಮಕಲ್ಲ ಹನುಮಪ್ಪಗ ಬೇಡಿಕೊಳ್ಳಾನು ಅಂದ್ರ ಏನಂತ ಬೇಡಿಕೊಳ್ಳಲಿ? ಹೆಂಡದ ಜೋಡಿ ಊಟ ಚಲೋ ಆಗಲಿ ಅಂತನು?"

"ನಿನ್ನ ಮೊಮ್ಮಗಳಿಗೆ ಕೆಲಸ ನಿಲ್ಲಲಿ ಅಂತ ಬೇಡಿಕೊ ಅಜ್ಜಿ. ಅಷ್ಟs ಸಾಕು."

ಶುಕ್ರವಾರ ಅವಳು ವಾಪಸು ಹೊರಡಬೇಕಿತ್ತು. ದಾರಿಯಲ್ಲಿ ಮಡಕಶಿರಾದ ನನ್ನ ತವರಿಗೆ ಇಳಿದು ಹೋಗುವುದು ಎಂದು ನಾನೂ ಜೊತೆಗೆ ಹೊರಟೆ. ಬೆಳಿಗ್ಗೆ ಎದ್ದು ಮತ್ತೆ ಎಣ್ಣೆಗಾಯಿ ಮಾಡಿ, ರೊಟ್ಟಿ ಬಡಿದು, ಟಿಫನ್ ಕ್ಯಾರಿಯರ್ ತುಂಬಿದೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದೆವು. ಬಾಟಲಿ ಒದ್ದೆ ಬಟ್ಟೆಯಲ್ಲಿ, ಮಗಳ ತೊಡೆಯ ಮೇಲೆ. ಬಸ್ಸು ಕುಲುಕಿದಾಗಲೆಲ್ಲ ಅವಳು ಅದನ್ನು ಎದೆಗೆ ಅವಚಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಮುದುಕಿ ತೆಲುಗಿನಲ್ಲಿ, ತುಪ್ಪವಾ ಅಮ್ಮಾ ಎಂದು ಕೇಳಿದಳು. ಮಗಳು ನಕ್ಕು ತಲೆ ಅಲ್ಲಾಡಿಸಿದಳು. ಹೌದೆಂದೂ ತಿಳಿಯಬಹುದಿತ್ತು, ಅಲ್ಲವೆಂದೂ.

ನಮ್ಮಣ್ಣನದು ಹುಣಸೆಹಣ್ಣಿನ ವ್ಯಾಪಾರ. ಆ ದಿನಗಳಲ್ಲಿ ಮನೆಯ ಪಡಸಾಲೆಯ ತುಂಬ ಹುಣಸೆ. ಒಳಗೆ ಕಾಲಿಟ್ಟರೆ ಸಾಕು, ಬಾಯಿಯ ಎರಡೂ ಬದಿಗೆ ನೀರೂರುತ್ತದೆ. ಅವನು ಪ್ರತಿ ಚೀಲದಿಂದ ಒಂದೊಂದು ತೊಳೆ ಕಿತ್ತು ಬಾಯಿಗೆ ಹಾಕಿ, ನಾಲಗೆಯಲ್ಲಿ ಒಮ್ಮೆ ತಿರುಗಿಸಿ, ಉಗುಳಿ, ಇದು ಹೊಸತು, ಇದು ಹಳೆಯದಕ್ಕೆ ಬೆರೆಸಿದ್ದು ಎಂದು ವಿಂಗಡಿಸುತ್ತಾನೆ. ನುಂಗಿದರೆ ಸಂಜೆಗೆ ಹೊಟ್ಟೆ ಉಳಿಯುವುದಿಲ್ಲ. ಮಗಳು ಅವನನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಮೊಣಕೈ ಚಿವುಟಿದಳು.

"ಮಾಮಾ, ನನಗೊಂದು ಸಹಾಯ ಮಾಡ್ತೀಯಾ? ಒಂದು ರುಚಿ ನೋಡಿ ಉಗುಳಬೇಕು."

ವಿಷಯ ಕೇಳಿ ಅವನು ನನ್ನ ಕಡೆ ನೋಡಿದ. "ನಿಮ್ಮತ್ತೆಗೆ ಗೊತ್ತಾದ್ರೆ?"

"ಮಾತು ಕೊಟ್ಟಿರೋಳು ಅವಳು. ನೀನಲ್ಲ," ಅಂದೆ.

"ಅಂಗಾರೆ ಸರಿ ಬಿಡಮ್ಮಯ್ಯ. ಉಗುಳೋದು ನಂಗೇನ್ ಹೊಸ್ದಾ?"

ಬಾವಿಕಟ್ಟೆಯ ಹತ್ತಿರ ಮೂವರೂ ನಿಂತೆವು. ಅತ್ತಿಗೆ ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲಿ ನಿಂತಳು. ಅಣ್ಣ ಬಾಯಿ ಮುಕ್ಕಳಿಸಿ, ಒಂದು ಗುಟುಕು ತೆಗೆದುಕೊಂಡು, ಕಣ್ಣು ಮುಚ್ಚಿ, ಆಡಿಸಿ ಉಗುಳಿದ.

"ಹುಳಿ ಐತೆ, ಮೇಲ್ಮೇಲೆ. ಒಗರು ಐತೆ, ಆದ್ರೆ ಕಾಯಿ ಒಗರಲ್ಲ. ನೇರಳೆ ಹಣ್ಣು ತಿಂದ್ಮೇಲೆ ನಾಲಗೆ ಮೇಲೆ ಒಂಚೂರು ಬಟ್ಟೆ ಹೊದಿಸ್ದಂಗಾಗುತ್ತಲ್ಲ, ಅಂಗೆ. ಗಂಟಲಲ್ಲಿ ಬೆಚ್ಚಗೆ ಇಳಿಯುತ್ತೆ."

"ಉಗುಳಿದ್ದು ಗಂಟಲಿಗೆ ಯಂಗ್ರೀ ಇಳೀತು?" ಅಂದಳು ಅತ್ತಿಗೆ.

"ಒಂದು ತೊಟ್ಟು ಜಾರ್ತು ಕಣೇ."

"ಜಾರುತ್ತೆ, ಜಾರುತ್ತೆ. ಇಷ್ಟು ಸಲೀಸಾಗಿ ವರ್ಣನೆ ಮಾಡ್ತೀರಲ್ಲ, ಮುಂಚೆ ಎಲ್ಲಿ ಜಾರಿತ್ತು?"

ಮಗಳು ನಗುವುದನ್ನು ತಡೆದುಕೊಂಡು ಎಣ್ಣೆಗಾಯಿಯ ಡಬ್ಬಿ ಮುಂದೆ ಹಿಡಿದಳು. ಅಣ್ಣ ರೊಟ್ಟಿಯ ತುಂಡಿನಲ್ಲಿ ಬಾಚಿ ತಿಂದು, ಅದರ ಮೇಲೆ ವೈನ್ ತೆಗೆದುಕೊಂಡ. ಮುಖ ಕೆಂಪಗಾಯಿತು. ಉಗುಳಿ, ನೀರು ಕುಡಿದು, ಕಣ್ಣೊರೆಸಿಕೊಂಡ.

"ಬೆಂಕಿಗೆ ಸೀಮೆಎಣ್ಣೆ ಹುಯ್ದಂಗಾಯ್ತಮ್ಮಯ್ಯ. ನಿಮ್ಮ ರಾಯದುರ್ಗದ ಖಾರ ಮೊದ್ಲೇ ಉರಿ. ಇದು ಅದುಕ್ಕೆ ಗಾಳಿ ಊದುತ್ತೆ. ಹಣ್ಣು ಗಿಣ್ಣು ಏನೂ ಉಳೀಲಿಲ್ಲ, ಬರೀ ಕಹಿ."

ಮಗಳ ಮುಖ ಸಪ್ಪಗಾಯಿತು. ವಾಸನೆಯಲ್ಲಿ ಎಲ್ಲ ಸರಿಯಿತ್ತು. ಮೂಗಿಗೆ ತಿಳಿಯುವುದು ಬೇರೆ, ಎರಡು ಬಾಯೊಳಗೆ ಸೇರಿದ ಮೇಲೆ ನಡೆಯುವುದು ಬೇರೆ ಎಂಬುದು ನನಗೆ ಹೊಳೆದಿರಲಿಲ್ಲ. ಅಡುಗೆಗೆ ಸಾಕಾದ ಮೂಗು ಈ ಜೋಡಿಗೆ ಸಾಲಲಿಲ್ಲ. ಅತ್ತಿಗೆ ಒಳಗೆ ಹೋಗಿ ಹಿಂದಿನ ದಿನದ ಹುರುಳಿ ಸಾರು ತಂದಳು. ಒಂದು ದಿನ ನಿಂತದ್ದು, ದಪ್ಪಗಾಗಿ ಮಣ್ಣಿನ ಘಮ ಬಂದಿತ್ತು. ಅದರಲ್ಲಿ ಖಾರ ಹೆಚ್ಚಿರಲಿಲ್ಲ. ಅಣ್ಣ ಅದನ್ನೂ ನೋಡಿದ.

"ಖಾರ ಪರ್ವಾಗಿಲ್ಲ. ಆದ್ರೆ ಹುಣಸೆ ಮುಂದೆ ಇದು ನೀರಾಗ್ಬುಡ್ತು. ಸಪ್ಪೆ."

"ಹುಣಸೆ ಯಾಪಾರಿ ಮನೇಲಿ ಹುಣಸೆ ಇಲ್ದಿದ್ ಸಾರು ಎಲ್ಲಿಂದ ತರ್ಲಿ?" ಎಂದಳು ಅತ್ತಿಗೆ.

ಮಗಳು ಬಾವಿಕಟ್ಟೆಯ ಮೇಲೆ ಕೂತಳು. "ಸರಿ ಬಿಡಮ್ಮಾ. ಬಾಗಿಲದಾಗ ನಿಂತು ನಮಸ್ಕಾರ ಮಾಡೋದು ಕಲಿತೀನಿ," ಎಂದು ಕೈ ಜೋಡಿಸಿ ತೋರಿಸಿದಳು. ಯಾರೂ ನಗಲಿಲ್ಲ.

ಆಗ ನನ್ನ ಫೋನು ರಿಂಗಾಯಿತು. ರಾಯದುರ್ಗದಿಂದ ಅತ್ತೆ. ಊಟಕ್ಕೆ ಕೂತಿದ್ದರು.

"ಯವ್ವಾ, ನನ್ನ ಬಟ್ಟಲದ ಪಲ್ಯ ಎಲ್ಲಿ ಇಟ್ಟೀದಿ? ಗ್ಯಾಸ್ ಕಟ್ಟಿ ಮ್ಯಾಲ ನೋಡಿದೆ, ಮುಚ್ಚಳದ ಬುಟ್ಟ್ಯಾಗ ನೋಡಿದೆ. ಎಲ್ಲೂ ಇಲ್ಲ."

ಅವರಿಗೆ ಹೊಟ್ಟೆಯ ಹುಣ್ಣು. ಡಾಕ್ಟರು ಖಾರ, ಹುಳಿ ಎರಡನ್ನೂ ಬಿಡಿಸಿ ವರ್ಷಗಳಾದವು. ಹಾಗಾಗಿ ಯಾವ ಪಲ್ಯ ಮಾಡಿದರೂ ಮಸಾಲೆಗೆ ಮೆಣಸಿನಪುಡಿ, ಹುಣಸೆ ಬೀಳುವ ಮುಂಚೆ ಅವರ ಪಾಲು ಒಂದು ಹಿಡಿ ತೆಗೆದು, ಬೇರೆ ಸಣ್ಣ ಪಾತ್ರೆಯಲ್ಲಿ ಬೇಯಿಸಿ, ಅವರ ಹಿತ್ತಾಳೆ ಬಟ್ಟಲಿಗೆ ಹಾಕಿಡುತ್ತೇನೆ. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ನಮ್ಮ ಯಜಮಾನರು ಅದಕ್ಕೆ ಇಟ್ಟ ಹೆಸರು ಆಸ್ಪತ್ರೆ ಪಲ್ಯ. ನಾವು ಮಡಕಶಿರಾಕ್ಕೆ ಹೊರಟರೆ ಅತ್ತೆಯೂ ಜೊತೆಗಿರುವುದೇ ರೂಢಿ, ಆಗ ಕ್ಯಾರಿಯರಿನ ಮೇಲಿನ ಚಿಕ್ಕ ಡಬ್ಬಿ ಅವರದು. ಈ ಸಲ ಅವರು ಬಂದಿರಲಿಲ್ಲ. ಕೈ ಮಾತ್ರ ತನ್ನ ರೂಢಿಯಂತೆ ಬಟ್ಟಲು ಬಿಟ್ಟು ಡಬ್ಬಿ ತುಂಬಿತ್ತು.

"ನಿಮ್ಮ ಪಾಲು ನನ್ನ ಜೋಡಿನೇ ಬಂದುಬಿಟ್ಟೈತಿ ಅತ್ತೆಮ್ಮಾ. ತಪ್ಪಾತು. ಮೊಸರು ಹಾಕ್ಕೊಂಡು ಊಟ ಮಾಡ್ರಿ."

"ಮೊಸರು ಎದಕ್ಕ? ನಿಮ್ಮ ಖಾರದ್ದs ಐತಲ್ಲ, ಅದನ್ನ ತಿನ್ನಾಕ ಹತ್ತೀನಿ," ಎಂದು ಫೋನ್ ಇಟ್ಟರು. ದನಿಯಲ್ಲಿ ನೋವೇನೂ ಇರಲಿಲ್ಲ. ಖುಷಿಯೇ ಇತ್ತು ಅನ್ನಿಸಿತು.

ನಾನು ಫೋನ್ ಇಡುವುದರೊಳಗೆ ಮಗಳು ಚಿಕ್ಕ ಡಬ್ಬಿ ತೆರೆದಿದ್ದಳು. ಶೇಂಗಾ, ಎಳ್ಳು, ಕೊಬ್ಬರಿ, ಬೆಳ್ಳುಳ್ಳಿ, ಹುಣಸೆಯ ಬದಲಿಗೆ ಒಂದು ಟೊಮೆಟೊ, ಚಿಟಿಕೆ ಕಾಳುಮೆಣಸು. ಎಣ್ಣೆ ಮೇಲೆ ತೇಲಿ ಬದನೆಕಾಯಿ ತೊಟ್ಟಿನ ತನಕ ಮೆತ್ತಗಾಗಿತ್ತು. ಅಣ್ಣ ಮೊದಲು ಒಲ್ಲೆ ಎಂದ. ಸಪ್ಪೆ ತಿನ್ನೋಕೆ ನಂಗೇನ್ ಕಾಯಿಲೆಯಾ ಎಂದ. ಮಗಳು ತುತ್ತು ಮಾಡಿ ಬಾಯಿಗೇ ಹಿಡಿದಳು. ಅದರ ಮೇಲೆ ಒಂದು ಗುಟುಕು.

ಈ ಸಲ ಅವನು ಬಹಳ ಹೊತ್ತು ಆಡಿಸಿದ. ಉಗುಳಲು ಬಗ್ಗಿದ. ಬಗ್ಗಿದವನು ಹಾಗೇ ನೆಟ್ಟಗಾದ.

"ನುಂಗ್ಬುಟ್ರಾ?" ಅಂದಳು ಅತ್ತಿಗೆ.

"ಉಗುಳೋ ಅಂಥದ್ದಲ್ಲ ಕಣೇ ಇದು." ಮಗಳ ಕಡೆ ತಿರುಗಿದ. "ಈಗ ಸರಿಯಾಗಿ ಕೂತ್ಕಂತು ಅಮ್ಮಣ್ಣಿ. ಕಡ್ಲೆಕಾಯಿ ಎಣ್ಣೆ ಜಿಡ್ಡನ್ನ ಆ ಒಗರು ತೊಳೀತೈತೆ. ಇದು ತಿಂದ್ಮೇಲೆ ಅದರ ಹಣ್ಣು ಇನ್ನೂ ಮುಂದಕ್ಕೆ ಬರ್ತೈತೆ. ಇನ್ನೊಂದು ತುತ್ತು ಕೊಡು, ಗ್ಯಾರಂಟಿ ಮಾಡ್ಕಂತೀನಿ."

ಗ್ಯಾರಂಟಿಯಾಗಲು ಅವನಿಗೆ ಡಬ್ಬಿಯೆಲ್ಲ ಬೇಕಾಯಿತು. ಸಂಜೆಯ ಬಸ್ಸಿಗೆ ಮಗಳನ್ನು ಹತ್ತಿಸಿದೆವು. ಆಸ್ಪತ್ರೆ ಪಲ್ಯ ಮಾಡುವ ಬಗೆಯನ್ನು ಅವಳು ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು, ಬಸ್ಸು ಹೊರಟ ಮೇಲೂ ಕಿಟಕಿಯಿಂದ ಕೂಗಿ, ಬೆಳ್ಳುಳ್ಳಿ ಸುಲಿದು ಹಾಕೋದಾ ಜಜ್ಜಿ ಹಾಕೋದಾ ಎಂದು ಕೇಳಿದಳು. ಬಾಟಲಿಯಲ್ಲಿ ಉಳಿದದ್ದು ತೆರೆದು ಮೂರು ದಿನವಾಗಿ ಕಳೆಗುಂದುತ್ತದೆ ಎಂದು ಅಲ್ಲೇ ಬಿಟ್ಟಳು. ತೆಂಗಿನ ಬುಡಕ್ಕೆ ಸುರಿದೆ ಎಂದು ಅತ್ತಿಗೆ ಆಮೇಲೆ ಹೇಳಿದಳು. ಎಷ್ಟು ಉಳಿದಿತ್ತು ಎಂದು ಕೇಳಿದ್ದಕ್ಕೆ, ನಿಮ್ಮಣ್ಣನ್ನೇ ಕೇಳು ಅಂದಳು.

ಭಾನುವಾರ ನಾನು ರಾಯದುರ್ಗದಲ್ಲಿದ್ದೆ. ಮಧ್ಯಾಹ್ನವೆಲ್ಲ ಫೋನು ಸೆರಗಿನ ಗಂಟಿನಲ್ಲೇ ಇತ್ತು. ಅತ್ತೆ ಜಪಮಣಿ ಹಿಡಿದು ನನ್ನೆದುರೇ ಕೂತಿದ್ದರು, ಮಣಿ ಓಡುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಗಳ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

ತಟ್ಟೆಗಳು ಖಾಲಿಯಾಗಿ ಒಳಗೆ ಬಂದವಂತೆ. ಬಾಣಸಿಗರು ರೊಟ್ಟಿಯನ್ನು ಚಿಕ್ಕದಾಗಿ ಬಡಿಯಲು ಹೇಳಿದರಂತೆ, ಎಣ್ಣೆ ಸ್ವಲ್ಪ ಇಳಿಸು ಎಂದರಂತೆ, ಬೇರೇನೂ ತೆಗೆಯಲಿಲ್ಲವಂತೆ. ರುಚಿ ನೋಡದೆ ಹೇಗೆ ಮಾಡಿದೆ ಎಂದು ಕೇಳಿದ್ದಕ್ಕೆ, ನಮ್ಮ ಮಾಮ ಹುಣಸೆ ವ್ಯಾಪಾರಿ ಎಂದಳಂತೆ. ಅವರಿಗೆ ಅರ್ಥವಾಗಲಿಲ್ಲವಂತೆ. ಕೆಲಸ ಗಟ್ಟಿಯಾಯಿತು. ಊಟದ ಕಾರ್ಡಿನಲ್ಲಿ ಆ ತಟ್ಟೆಗೆ ಅಜ್ಜಿ ಬಟ್ಟಲು ಎಂದು ಹೆಸರಿಡುತ್ತಾರಂತೆ.

"ನನ್ನ ಬಟ್ಟಲ ಹೆಸರಿನ್ಯಾಗ ಹೆಂಡ ಮಾರ್ತಾರೇನು?" ಅಂದರು ಅತ್ತೆ.

"ಊಟ ಮಾರ್ತಾರಜ್ಜಿ. ನೀನು ಬ್ಯಾಡ ಅಂದ್ರ ಬ್ಯಾರೆ ಹೆಸರು ಇಡಾಕ ಹೇಳ್ತೀನಿ."

ಅತ್ತೆ ಫೋನನ್ನು ತಮ್ಮ ಕಡೆ ಎಳೆದುಕೊಂಡರು. "ನೀನು ಮುಟ್ಟಿಲ್ಲ ಹೌದಿಲ್ಲೋ?"

"ಇಲ್ಲಜ್ಜಿ."

"ಬಂದ ಮಂದಿ ಹೊಟ್ಟಿ ತುಂಬ ಉಂಡ್ರಂತನು?"

"ಉಂಡ್ರಜ್ಜಿ. ಇನ್ನೊಂದೀಟು ಹಾಕ್ರಿ ಅಂದ್ರು."

"ಸರಿ, ಇರಲಿ ಬಿಡು ಹೆಸರು," ಎಂದು ಜಪಮಣಿಯನ್ನು ಚೀಲಕ್ಕೆ ಹಾಕಿ ಎದ್ದರು.

ಮರುದಿನ ಒಲೆಯ ಮುಂದೆ ನಿಂತು, ಎಂದಿನಂತೆ ಅವರ ಪಾಲಿನ ಮಸಾಲೆ ತೆಗೆದಿಡಲು ಸಣ್ಣ ಪಾತ್ರೆಗೆ ಕೈ ಚಾಚಿದೆ. ಹಿಂದಿನಿಂದ ಅತ್ತೆ ಬಂದು ಪಾತ್ರೆಯನ್ನು ಮಗುಚಿಟ್ಟರು.

"ಅದು ಇನ್ನ ಆ ತೋಟದವರದಾತು. ನನಗೂ ಒಂದೀಟು ಖಾರ ಹಾಕು ಇವತ್ತ. ಅವತ್ತ ತಿಂದದ್ದು ಏನೂ ಆಗಿಲ್ಲ ನೋಡು."

ಹೊಟ್ಟೆ ಉರಿದರೆ ನನ್ನನ್ನು ಬೈಯಬಾರದು ಎಂದೆ. ಬೈಯೋದಿಲ್ಲ ಎಂದು ಮಾತು ಕೊಟ್ಟರು. ಮೆಣಸಿನಪುಡಿಯನ್ನು ಚಮಚದ ತುದಿಯಲ್ಲಿ ಹಿಡಿದಷ್ಟು ಹಾಕಿ, ಕುದಿ ಬರುವ ತನಕ ನಿಂತು, ಬಗ್ಗಿ ವಾಸನೆ ನೋಡಿದೆ.